ಗಂಡನ ಎಲೆಗೆ ಚೀನೀ ನೂಡಲ್ಸ್

ಸತ್ತವರಿಗೆ ಬಡಿಸುವ ವಿದ್ಯೆಯಲ್ಲಿ ನಮ್ಮ ಅಜೆಕಾರಿನಲ್ಲಿ ನನಗೆ ಎದುರಿಲ್ಲ. ಇದು ಜಂಬವಲ್ಲ, ಇದ್ದ ವಿಷಯ. ನಾನು ಕಲಿತದ್ದು ಮೂರನೆಯ ಕ್ಲಾಸು. ಆದರೂ ಆಟಿ ತಿಂಗಳು ಬಂತೆಂದರೆ ಕಾಲೇಜು ಓದಿದವರೂ ನನ್ನ ಜಗಲಿಗೆ ಬಂದು ಸಂಶಯ ಕೇಳುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆಗಾಲದ ನಡುವಿನ ಆಟಿಯಲ್ಲಿ ನಮ್ಮ ಕಡೆ ಮನೆಯ ಸತ್ತವರಿಗೆ ಊಟ ಬಡಿಸುವ ಕ್ರಮವುಂಟು. ಸಂಜೆ ದೀಪ ಹಚ್ಚಿ, ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ‘ಬಂದು ಉಣ್ಣಿ’ ಎಂದು ಕರೆದು, ಬಾಗಿಲು ಹಾಕಿಕೊಂಡು ಹೊರಗೆ ಬರಬೇಕು. ಹೊರಗೆ ಕುಳಿತವರು ತುಟಿ ಬಿಚ್ಚಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಒಮ್ಮೆ ಕೆಮ್ಮಿ, ಆಮೇಲೆ ತೆರೆಯಬೇಕು. ಉಣ್ಣುತ್ತಿರುವವರ ಎದುರು ಧಡಾರನೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ. ಎಲೆಯಲ್ಲಿ ಉಳಿದದ್ದನ್ನು ಮನೆಯವರು ಹಂಚಿಕೊಂಡು ತಿನ್ನುವುದು.

ನನ್ನ ಗಂಡ ತೀರಿಹೋದ ಮೇಲಿನ ಮೊದಲ ಆಟಿಯಲ್ಲಿ ಇದನ್ನೆಲ್ಲ ಒಂದಿಷ್ಟೂ ತಪ್ಪದೆ ಮಾಡಿದೆ. ಕೋಳಿ ಸಾರು, ಅಕ್ಕಿರೊಟ್ಟಿ, ಒಂದು ಲೋಟ ಕಳ್ಳು. ಮರುದಿನದಿಂದ ಉಪದ್ರ ಶುರು!

ಬದುಕಿದ್ದಾಗ ಮುಂಬಯಿಯಿಂದ ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ ಮನುಷ್ಯ, ಸತ್ತ ಮೇಲೆ ದಿನಾ ಬರತೊಡಗಿದರು. ಕಣ್ಣು ಮುಚ್ಚಿದರೆ ಸಾಕು, ಎಲೆಯ ಮುಂದೆ ಕುಳಿತಿರುತ್ತಾರೆ. ಒಂದೇ ಬೆರಳಿನಿಂದ ಎಲೆಯನ್ನು ಮುಂದಕ್ಕೆ ತಳ್ಳುತ್ತಾರೆ. ನನ್ನ ಮುಖ ನೋಡುತ್ತಾರೆ. ಅದಾದರೂ ಕನಸು ಎನ್ನಬಹುದು. ಆದರೆ ಪ್ರತಿ ಸಂಜೆ, ಒಲೆ ಹಚ್ಚುವ ಮೊದಲೇ, ಅಡುಗೆಮನೆಯಿಂದ ಬೆಳ್ಳುಳ್ಳಿ ಹುರಿದ ವಾಸನೆ ಬರುತ್ತಿತ್ತು. ಒಳಗೆ ಹೋಗಿ ನೋಡಿದರೆ ಬೂದಿ ತಣ್ಣಗೆ. ಬಾಣಲೆ ಮಾತ್ರ ಬೆಚ್ಚಗೆ!

“ಇಲಿ ಇರಬೇಕು” ಎಂದ ಮಗ.

“ಇಲಿ ಬೆಳ್ಳುಳ್ಳಿ ಹುರಿಯುತ್ತದಾ?” ಎಂದು ಕೇಳಿದೆ. ಅವನು ಪೇಪರು ಬಿಡಿಸಿಕೊಂಡ.

ಸೊಸೆ ಶಶಿ ಪೇಪರು ಬಿಡಿಸುವವಳಲ್ಲ. ಅವಳು ಬ್ಯಾಗು ಬಿಡಿಸಿ ಬಟ್ಟೆ ತುಂಬಿದಳು. “ಅತ್ತೆ, ಆಟಿ ಮುಗಿಯುವುದರೊಳಗೆ ಮಾವ ಹೋಗದಿದ್ದರೆ ನಾನು ತವರಿಗೆ ಹೋಗುತ್ತೇನೆ. ಮಾವ ಇರುವವರೆಗೆ ಬರುವುದೇ ಇಲ್ಲ” ಎಂದಳು. ಆಟಿ ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ಇವರು ಹೊಟ್ಟೆ ತುಂಬ ಉಂಡು ತಮ್ಮ ದಾರಿ ಹಿಡಿಯಬೇಕು. ಇಲ್ಲದಿದ್ದರೆ ಮುಂದಿನ ಆಟಿಯವರೆಗೆ ಇವರು ಒಳಗೆ, ಸೊಸೆ ಹೊರಗೆ!

ನೆರೆಮನೆಯ ಸೆರಾಫಿನ್ ಬಾಯಿ ಅಂಗಳ ದಾಟಿ ಬಂದರು. ಕೊಂಕಣಿ ಕ್ರಿಸ್ತುವರು, ನನ್ನದೇ ಪ್ರಾಯ, ನಾಲಗೆ ಮಾತ್ರ ನನಗಿಂತ ಚುರುಕು.

“ಎಂತ ಗಿರಿಜಕ್ಕ, ಕಣ್ಣೆಲ್ಲ ಕೆಂಪು?”

“ಅವರು ದಿನಾ ಬರುತ್ತಾರೆ.”

“ಯಾರು, ಪೋಸ್ಟಿನವರಾ?”

“ನಮ್ಮವರು ಮಾರಾಯ್ತಿ! ಎಲೆ ತಳ್ಳುತ್ತಾರೆ.”

“ನಮ್ಮ ಸತ್ತವರಿಗೆ ನವೆಂಬರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದರೆ ಮತ್ತೆ ಸುಮ್ಮನಿರುತ್ತಾರೆ. ನಿಮ್ಮವರಿಗೆ ತಿನ್ನುವ ಚಪಲ ಇನ್ನೂ ಹೋಗಲಿಲ್ಲ ಅಲ್ವಾ? ಅವರಿಗೆ ಭಾರೀ ಇಷ್ಟ ಇದ್ದದ್ದು ಎಂತ?”

ಆಗ ನನ್ನ ತಲೆಗೆ ಹೊಳೆಯಿತು. ಇವರು ಮುಂಬಯಿಯಲ್ಲಿ ಬಂದರಿನ ಹತ್ತಿರ ಒಂದು ಕ್ಯಾಂಟೀನಿನಲ್ಲಿದ್ದರು. ರಜೆಯ ದಿನ ಬೇರೆಯವರು ಸಿನಿಮಾಕ್ಕೆ ಹೋದರೆ ಇವರು ಗಲ್ಲಿ ಗಲ್ಲಿ ಸುತ್ತಿ ಅಗ್ಗದ ಚೀನೀ ಹೋಟೆಲು ಹುಡುಕುತ್ತಿದ್ದರು. ಊರಿಗೆ ಬಂದಾಗಲೂ ಅದೇ ಪುರಾಣ. ಬಟ್ಟಲು ತುಂಬ ನೂಡಲ್ಸ್, ಮೇಲೆ ಕಪ್ಪು ಸಾರು, ಸಾರಿನ ಮೇಲೆ ತೇಲುವ ಹುರಿದ ಬೆಳ್ಳುಳ್ಳಿ. ನಾನು ಬಡಿಸಿದ ಮೀನುಸಾರನ್ನು ಕಲಸುತ್ತ ಆ ಸಾರಿನ ವರ್ಣನೆ ಮಾಡುವ ಧೈರ್ಯ ಅವರಿಗಿತ್ತು!

“ಮಣಿಪಾಲಕ್ಕೆ ಹೋಗುವ” ಎಂದರು ಸೆರಾಫಿನ್ ಬಾಯಿ. “ಮಲೇಷಿಯಾದ ಮಕ್ಕಳು ಅಲ್ಲಿ ಡಾಕ್ಟ್ರು ಕಲಿಯುವುದು. ಅವರೆಲ್ಲ ಇಡ್ಲಿ ತಿಂದು ಬದುಕುತ್ತಾರಾ? ಚೀನೀ ಹೋಟೆಲು ಉಂಟೇ ಉಂಟು.”

ಹೀಗೆ ಇಬ್ಬರು ಅಜ್ಜಿಯರ ನಿಯೋಗವು ಸಾರು ತರಲು ಹಿಡಿಯಿದ್ದ ಒಂದು ಸ್ಟೀಲಿನ ತೂಕುಪಾತ್ರೆಯೊಂದಿಗೆ ಕಾರ್ಕಳದಲ್ಲಿ ಬಸ್ಸು ಬದಲಿಸಿ ಮಣಿಪಾಲದಲ್ಲಿ ಇಳಿಯಿತು.

ಮೊದಲು ಕಂಡದ್ದು ರಸ್ತೆಬದಿಯ ಗಾಡಿ. ‘ಚೈನೀಸ್’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಗಾಡಿಯವನು ಹೂಕೋಸಿಗೆ ಬಣ್ಣ ಬಳಿದು ಮುಂದೆ ಹಿಡಿದ.

“ಇದು ಚೀನಾದ್ದೇ ಹೌದಾ?”

“ಹೌದ್ರೀ ಅಜ್ಜಿ, ಒರಿಜಿನಲ್ ಐತ್ರೀ.”

“ನಿನ್ನ ಊರು ಯಾವುದು?”

“ಗದಗ ರೀ.”

ಎರಡನೆಯದು, ಆ ಪರದೇಶದ ಮಕ್ಕಳಿಗೆ ಬೇಕಾದ ಸಾಮಾನು ಇಟ್ಟ ಅಂಗಡಿ. ಬಾಟಲಿಗಳಲ್ಲಿ ಕಪ್ಪು ನೀರು, ಕಣ್ಣು ಬಿಟ್ಟುಕೊಂಡೇ ಒಣಗಿದ ಮೀನುಮರಿಗಳು. ಒಂದು ಪ್ಲಾಸ್ಟಿಕ್ ತೊಟ್ಟೆಯನ್ನು ಎತ್ತಿ ನೋಡಿದೆ. ಒಳಗೆ ಕಿವಿಗಳು! ಒಣಗಿ ಸುರುಟಿದ ಕಪ್ಪು ಕಿವಿಗಳು! ನನ್ನ ಕೈಯಿಂದ ತೊಟ್ಟೆ ಬಿತ್ತು.

“ಅದು ಅಣಬೆ ಅಮ್ಮ” ಎಂದರು ಅಂಗಡಿಯವರು.

ಇರಬಹುದು. ಆದರೆ ನಾನು ಮಾತಾಡುವಾಗ ಅವು ಕೇಳಿಸಿಕೊಳ್ಳುತ್ತಿದ್ದವು ಎಂದು ಈಗಲೂ ಹೇಳುತ್ತೇನೆ.

ಮೂರನೆಯದು ದೊಡ್ಡ ಹೋಟೆಲು. ಹೊರಗೆ ನಡುಮಧ್ಯಾಹ್ನ, ಒಳಗೆ ಕತ್ತಲೆ. ಕೆಂಪು ದೀಪಗಳು, ಹೆಣದ ಕೋಣೆಯ ಹಾಗೆ ಚಳಿ. ಎದುರು ಗೋಡೆಯಲ್ಲಿ ಕಣ್ಣು ಹೊರಗೆ ಬಂದು, ನಾಲಗೆ ಚಾಚಿದ ಒಂದು ಮುಖ. ಹಿಂದೆ ಹಾವಿನ ಹಾಗಿನ ಮೈ. ನಮ್ಮ ಭೂತದ ಗುಡಿಯೊಳಗೆ ಕಾಲಿಟ್ಟ ಹಾಗಾಯಿತು. ನಾನು ಹಿಂದೆ ಹೋಗಿ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಮುಗಿದೆ. ಸೆರಾಫಿನ್ ಬಾಯಿ ನಕ್ಕರು. ಆಮೇಲೆ ಅವರ ಕೈಗೆ ಮೆನು ಬಂತು. ಬೆಲೆ ಓದಿ ಅವರೂ ಶಿಲುಬೆಯ ಗುರುತು ಮಾಡಿಕೊಂಡರು! ಹೊರಗೆ ಓಡಿ ಬಂದರೆ ನನ್ನ ಚಪ್ಪಲಿಯನ್ನು ನಾಯಿ ಒಯ್ದಿತ್ತು.

ಬರಿಗಾಲಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಖಾಲಿ ಪಾತ್ರೆ ತೂಗಿಕೊಂಡು ನಡೆಯುತ್ತಿದ್ದೆ. ಒಂದು ಸಣ್ಣ ಓಣಿಯ ಬಾಯಿಗೆ ಬಂದಾಗ ಗಕ್ಕನೆ ನಿಂತೆ. ಅದೇ ವಾಸನೆ! ದಿನಾ ಸಂಜೆ ನನ್ನ ಅಡುಗೆಮನೆಗೆ ಬರುತ್ತಿದ್ದ, ಅದೇ ಬೆಳ್ಳುಳ್ಳಿ!

ಓಣಿಯ ಕೊನೆಯಲ್ಲಿ ಬೋರ್ಡಿಲ್ಲದ ಒಂದು ಪುಟ್ಟ ಹೋಟೆಲು. ಒಳಗೆ ನರಪಿಳ್ಳೆಯಿಲ್ಲ. ಮೂಲೆಯ ಮೇಜಿನ ಮೇಲೆ ಒಂದು ಬಟ್ಟಲು ಹಬೆಯಾಡುತ್ತಿತ್ತು. ಪಕ್ಕದಲ್ಲಿ ಎರಡು ಕಡ್ಡಿ, ಒಂದು ಕಪ್ ಚಹಾ. ಯಾರೋ ಕೂರಲಿ ಎಂದು ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟಿದ್ದರು. ಗೋಡೆಯಲ್ಲಿ ಮುದುಕರೊಬ್ಬರ ಫೋಟೋ, ಅದರ ಕೆಳಗೆ ಊದುಬತ್ತಿ. ಊದುಬತ್ತಿ ಯಾವ ಹೋಟೆಲಿನಲ್ಲಿ ಇಲ್ಲ?

“ಗಿರಿಜಕ್ಕ, ಯಾರನ್ನಾದರೂ ಕರೆಯುವ” ಎಂದರು ಸೆರಾಫಿನ್ ಬಾಯಿ.

“ಗಿರಾಕಿಗೆಂದು ಇಟ್ಟದ್ದು. ನಾನು ಗಿರಾಕಿ” ಎಂದು ಕುಳಿತೇಬಿಟ್ಟೆ. ಕಡ್ಡಿ ಬದಿಗಿಟ್ಟು ಕೈ ಹಾಕಿದೆ.

ಹೇಳಬಾರದು, ಎಂಥ ರುಚಿ! ಮೆತ್ತಗಿನ ಮಾಂಸ ನಾಲಗೆಯ ಮೇಲೆ ತಾನಾಗಿ ಕರಗುತ್ತಿತ್ತು. ಬೆರಳು ನೆಕ್ಕಿದೆ. ಆಗ ಕುತ್ತಿಗೆಯ ಹಿಂದೆ ತಣ್ಣಗೆ ಗಾಳಿ ಊದಿದ ಹಾಗಾಯಿತು. ಫ್ಯಾನು ನೋಡಿದೆ. ನಿಂತಿತ್ತು. ನಾನು ಮುಟ್ಟದ ಚಹಾದ ಕಪ್ ಸಾಸರಿನ ಮೇಲೆ ಟಿಣ್ ಎಂದಿತು. ಒಂದು ಕಡ್ಡಿ ತಾನಾಗಿ ಉರುಳಿ ನೆಲಕ್ಕೆ ಬಿತ್ತು. ನಾನು ಉಣ್ಣುವುದನ್ನು ಮಾತ್ರ ನಿಲ್ಲಿಸಲಿಲ್ಲ!

ಒಳಗಿಂದ ಹೋಟೆಲಿನವನು ಬಂದ. ಚೀನೀ ಮುಖ, ಆದರೆ ಕಲ್ಕತ್ತೆಯಿಂದ ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿ ಮಾತು ನಮ್ಮದೇ ಆಗಿತ್ತು. ನನ್ನನ್ನು ಕಂಡು ಅಲ್ಲೇ ನಿಂತ.

“ಅಮ್ಮ... ಅದು ಅಪ್ಪನದ್ದು.”

“ಅಯ್ಯೋ ಮಗ, ಗೊತ್ತಾಗಲಿಲ್ಲ. ಅಪ್ಪನನ್ನು ಕರಿ, ನಾನೇ ಹೇಳುತ್ತೇನೆ.”

ಅವನು ಫೋಟೋ ತೋರಿಸಿದ.

“ಹಾಂ, ಇವರೇ. ಹೊರಗೆ ಹೋಗಿದ್ದಾರಾ?”

“ತೀರಿಹೋಗಿದ್ದಾರೆ. ಈ ತಿಂಗಳು ನಮ್ಮಲ್ಲಿ ಸತ್ತವರು ಊಟಕ್ಕೆ ಬರುವುದುಂಟು. ಈಗಷ್ಟೇ ಕರೆದು ಕೂರಿಸಿದ್ದೆ.”

ನಾನು ಕುರ್ಚಿಯಿಂದ ಎದ್ದ ವೇಗ ನನ್ನ ಮದುವೆಯ ಪ್ರಾಯದಲ್ಲೂ ನನಗಿರಲಿಲ್ಲ! ಅವರಲ್ಲೂ ಬಡಿಸುವುದುಂಟು, ಅದೂ ಇದೇ ತಿಂಗಳಲ್ಲಿ! ಎಲೆಯಿಲ್ಲ, ಬಾಗಿಲು ಹಾಕಿಲ್ಲ, ನನಗೆ ಹೇಗೆ ಗೊತ್ತಾಗಬೇಕು? ಸತ್ತವರಿಗೆ ಬಡಿಸುವುದರಲ್ಲಿ ಎದುರಿಲ್ಲದ ನಾನು ಸತ್ತವರ ಬಟ್ಟಲನ್ನೇ ತಿಂದು, ಅವರ ತೊಡೆಯ ಮೇಲೆ ಕುಳಿತಿದ್ದೆ.

ಅವನು ಬೈಯಲಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ, ಒಳಗೆ ಹೋಗಿ ತೂಕುಪಾತ್ರೆ ತುಂಬಿಸಿ ತಂದ. “ನಿಮಗೆಂದು ಕೋಳಿ ಹಾಕಿದ್ದೇನೆ” ಎಂದ. ಜೊತೆಗೆ ಎರಡು ಜತೆ ಕಡ್ಡಿ ಕೊಟ್ಟ.

“ಎರಡು ಜತೆ ಯಾಕೆ ಮಗ?”

“ಅಪ್ಪ ಅರ್ಧ ಊಟದಲ್ಲಿ ಎದ್ದದ್ದಲ್ವಾ? ನಿಮ್ಮ ಜೊತೆ ಬಂದರೂ ಬರಬಹುದು.”

ಅವನು ನಗುತ್ತಾನೋ ಎಂದು ಕಾದೆ. ನಗಲಿಲ್ಲ.

ಬಸ್ಸಿನಲ್ಲಿ ನಾವಿಬ್ಬರೂ ಮೂರು ಜನ ಕೂರುವ ಸೀಟಿನಲ್ಲಿ ಕುಳಿತೆವು. ಜನ ನಿಂತಿದ್ದರು. ಆದರೂ ಕಿಟಕಿಯ ಬದಿಯ ಜಾಗಕ್ಕೆ ಯಾರೂ ಬರಲಿಲ್ಲ. ಕಂಡಕ್ಟರು ಬಂದು, “ಮೂರು ಅಲ್ವಾ?” ಎಂದರು.

“ಎರಡು.”

“ಆ ಅಜ್ಜ ನಿಮ್ಮ ಜೊತೆಯವರಲ್ವಾ...” ಎಂದು ಕಿಟಕಿಯ ಕಡೆ ಬಗ್ಗಿ ನೋಡಿ, ಅರ್ಧದಲ್ಲಿ ಮಾತು ನಿಲ್ಲಿಸಿ, ಎರಡೇ ಟಿಕೆಟು ಹರಿದು, ಮತ್ತೆ ನಮ್ಮ ಕಡೆ ತಿರುಗಿ ನೋಡಲೇ ಇಲ್ಲ. ಸೆರಾಫಿನ್ ಬಾಯಿ ಜಪಮಾಲೆ ತೆಗೆದರು. ಕಾರ್ಕಳ ಬರುವವರೆಗೆ ಅವರ ನಾಲಗೆಗೆ ಬೇರೆ ಕೆಲಸವಿರಲಿಲ್ಲ.

ಸಂಜೆ ದೀಪ ಹಚ್ಚಿದೆ. ಒಂದು ಎಲೆ ನಮ್ಮವರಿಗೆ. ಯೋಚಿಸಿ, ಪಕ್ಕದಲ್ಲಿ ಇನ್ನೊಂದು ಹಾಕಿದೆ. “ಅಮ್ಮ, ಸಾರು ಜಾಸ್ತಿ ಉಂಟು, ಬಟ್ಟಲಿನಲ್ಲಿ ಇಡಿ” ಎಂದ ಮಗ. ಸತ್ತವರಿಗೆ ಪಾತ್ರೆಯಲ್ಲಿ ಇಡುವುದಾ? ಬಡಿಸುವ ಕ್ರಮ ನನಗೆ ಇವನು ಹೇಳಿಕೊಡುವುದಾ? ತೂಕುಪಾತ್ರೆಯನ್ನು ಎರಡೂ ಎಲೆಗಳ ಮೇಲೆ ಧಾರಾಳವಾಗಿ ಬಗ್ಗಿಸಿ, ಪಕ್ಕದಲ್ಲಿ ಕಡ್ಡಿ ಜೋಡಿಸಿ, “ಇಬ್ಬರೂ ಬಂದು ಉಣ್ಣಿ” ಎಂದು ಕರೆದು ಬಾಗಿಲು ಹಾಕಿದೆ.

ಹೊರಗೆ ನಾನು, ಮಗ, ಶಶಿ, ಒಬ್ಬರೇ ಮನೆಗೆ ಹೋಗಲು ಹೆದರಿದ ಸೆರಾಫಿನ್ ಬಾಯಿ. ಯಾರೂ ಉಸಿರೆತ್ತಲಿಲ್ಲ. ಒಳಗಿನಿಂದ ಸಣ್ಣಗೆ ಸದ್ದು ಬಂತು. ಸುರ್... ಸುರ್... ಯಾರೋ ಸಾರು ಹೀರಿದ ಹಾಗೆ. ಶಶಿ ನನ್ನ ತೋಳು ಹಿಡಿದಳು. ಆಮೇಲೆ ಬಾಗಿಲಿನ ಕೆಳಗಿನ ಸಂದಿಯಿಂದ ಕಪ್ಪಗೆ ಏನೋ ಹೊರಗೆ ಬಂತು. ನಿಧಾನ, ಬಹಳ ನಿಧಾನ. ನೆಲದ ಮೇಲೆ ನಾಲಗೆ ಚಾಚುತ್ತ, ದಾರಿ ಹುಡುಕುತ್ತ, ಬೇರೆ ಯಾರ ಕಡೆಗೂ ಹೋಗದೆ ನೇರವಾಗಿ ನನ್ನ ಕಡೆಗೇ. ನನ್ನ ಹೆಬ್ಬೆರಳಿಗೆ ಮುಟ್ಟಿತು. ಬೆಚ್ಚಗಿತ್ತು.

“ರಕ್ತ!” ಎಂದು ಕಿರುಚಿದಳು ಶಶಿ.

ಮೌನ ಮುರಿಯಬಾರದು ಎಂದು ಊರಿಗೆಲ್ಲ ಹೇಳಿಕೊಡುವ ನಾನು ಶಶಿಗಿಂತ ಜೋರಾಗಿ ಕಿರುಚಿ ಬೆಂಚಿನ ಮೇಲೆ ಹಾರಿದೆ. ಸೆರಾಫಿನ್ ಬಾಯಿ ಆಗಲೇ ಅಲ್ಲಿದ್ದರು. ಬೆಂಚು ಇಬ್ಬರನ್ನು ಹೊರಲಿಲ್ಲ! ಮುರಿದ ಬೆಂಚಿನ ಮೇಲಿಂದ ನಾವು ನೋಡುತ್ತಿದ್ದ ಹಾಗೆ, ಮಗ ತಟ್ಟದೆ, ಕೆಮ್ಮದೆ ಬಾಗಿಲು ತೆರೆದ.

ಸಾರು. ಎಲೆಯಲ್ಲಿ ನಿಲ್ಲದ ಚೀನೀ ಸಾರು ನೆಲವೆಲ್ಲ ಹರಿದಿತ್ತು. ದೀಪ ಆರಿತ್ತು. ನಮ್ಮವರ ಎಲೆಯ ಕಡ್ಡಿ ಇಟ್ಟ ಹಾಗೆಯೇ ಇತ್ತು. ಇನ್ನೊಂದು ಎಲೆಯ ಕಡ್ಡಿಗಳು ಮಾತ್ರ, ಉಂಡು ಮುಗಿಸಿದವರು ಇಟ್ಟ ಹಾಗೆ, ನೂಡಲ್ಸಿನ ಮೇಲೆ ಅಡ್ಡಲಾಗಿ ಮಲಗಿದ್ದವು.

“ಹರಿದ ಸಾರು ಕಡ್ಡಿಯನ್ನು ಎತ್ತಿ ಹಾಕಿರಬೇಕು” ಎಂದ ಮಗ. ಅವನಿಗೆ ಎಲ್ಲದಕ್ಕೂ ಉತ್ತರವುಂಟು.

ಆದರೆ ಅಂದಿನಿಂದ ಇವರು ಬರುವುದು ನಿಂತಿತು! ಕನಸಿಲ್ಲ, ಬೆಳ್ಳುಳ್ಳಿ ಇಲ್ಲ. ಶಶಿ ಬ್ಯಾಗು ಬಿಚ್ಚಿದಳು. ಕೇಳಿದವರಿಗೂ ಕೇಳದವರಿಗೂ ನನ್ನ ಪ್ರತಾಪ ಹೇಳುತ್ತ ತಿರುಗಿದೆ. ಸೆರಾಫಿನ್ ಬಾಯಿ ಮಾತ್ರ ಕೆಲವು ದಿನ ಕಾಣಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದರು. ಕಣ್ಣು ಕೆಂಪು.

“ಗಿರಿಜಕ್ಕ, ನಿಮ್ಮವರು ಈಗ ನಮ್ಮಲ್ಲಿ ಇದ್ದಾರೆ.”

“ಎಂತದು?”

“ಜೊತೆಗೊಬ್ಬ ಚೀನೀ ಅಜ್ಜ. ನಾನು ಹಂದಿ ಬೇಯಿಸಿದ ದಿನವೆಲ್ಲ ಕನಸಿನಲ್ಲಿ ಇಬ್ಬರೂ ನನ್ನ ಒಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ.”

“ನಮ್ಮವರು ಹಂದಿ ಮುಟ್ಟಿದವರೇ ಅಲ್ಲ!”

“ನಿಮ್ಮೆದುರು ಮುಟ್ಟಿದವರಲ್ಲ. ಮುಂಬಯಿಯ ಆ ಸಾರು ಯಾವುದರದ್ದೆಂದು ನಿಮಗೆ ಯಾವತ್ತಾದರೂ ಹೇಳಿದ್ದರಾ?” ಎಂದರು. “ಆ ದಿನ ಬಟ್ಟಲಿನಲ್ಲಿ ನೀವು ತಿಂದದ್ದು ಎಂತ ಅಂದುಕೊಂಡಿರಿ?”

“ಕೋಳಿ...”

“ಕೋಳಿಗೆ ಅಷ್ಟು ದಪ್ಪ ಕೊಬ್ಬು ಇರ್ತದಾ ಮಾರಾಯ್ತಿ? ನೀವು ಬೆರಳು ನೆಕ್ಕುತ್ತಿದ್ದಿರಿ. ನಡುವೆ ಹೇಳಲಿಕ್ಕೆ ನನಗೆ ಮನಸ್ಸು ಬರಲಿಲ್ಲ.”

ನಮ್ಮ ಮನೆಯ ಒಲೆ ಅದನ್ನು ಕಂಡದ್ದಿಲ್ಲ, ಕಾಣುವುದೂ ಇಲ್ಲ. ಹಾಗಾಗಿ ಈಗ ಪ್ರತಿ ಆಟಿಯಲ್ಲಿ ನನ್ನ ಗಂಡನಿಗೆ ಬಡಿಸುವುದು ಸೆರಾಫಿನ್ ಬಾಯಿಯ ಮನೆಯಲ್ಲಿ. ಬೇಯಿಸುವುದು ಅವರು, ಬಟ್ಟಲಿಗೆ ಹಾಕುವುದು ಅವರು, ಶಿಲುಬೆಯ ಗುರುತು ಮಾಡಿ ಇಬ್ಬರನ್ನು ಕರೆಯುವುದೂ ಅವರೇ. ಬಂದವರು ಉಂಡು, ಮತ್ತೆ ವರ್ಷವಿಡೀ ಸುಮ್ಮನಿರುತ್ತಾರೆ. ಬಡಿಸುವಾಗ ಸೆರಾಫಿನ್ ಬಾಯಿ ನನ್ನನ್ನು ಹೊರಗೆ ಸ್ಟೂಲಿನ ಮೇಲೆ ಕೂರಿಸುತ್ತಾರೆ, ಮಾತಾಡಬೇಡಿ ಎನ್ನುತ್ತಾರೆ. ಬಾಗಿಲು ತೆರೆದ ಮೇಲೆ ಉಳಿದದ್ದನ್ನು ಸತ್ತವರ ಮನೆಯವರು ತಿನ್ನಲೇಬೇಕಲ್ಲ? ಹಾಗಾಗಿ ತಿನ್ನುತ್ತೇನೆ. ಕ್ರಮ ಮೀರಲಿಕ್ಕಾಗುತ್ತದಾ?

ಮತ್ತೊಮ್ಮೆ ಹಾಕಿಸಿಕೊಳ್ಳಬೇಕೆಂದು ಯಾವ ಕ್ರಮದಲ್ಲೂ ಇಲ್ಲ. ಅದು ನಾನೇ ಸೇರಿಸಿದ್ದು.