ಹಳೇ ಹತ್ತು, ಹೊಸ ಹತ್ತು ಮತ್ತು ಹುಣಸೆ ಮರ

ಕಡ್ಡಿರಾಂಪುರದಿಂದ ಹಂಪಿಯ ತನಕ ರಸ್ತೆಯ ಎರಡೂ ಬದಿಗೆ ನಿಂತ ಹುಣಸೆ ಮರಗಳ ಒಂದು ವರ್ಷದ ಫಸಲು, ಸರ್ಕಾರಿ ಹರಾಜಿನಲ್ಲಿ ಸುಮಾರು ಮುನ್ನೂರು ರೂಪಾಯಿಗೆ: ನಾನು ಹೇಳಹೊರಟ ವ್ಯವಹಾರ ಇಷ್ಟು. ಇದರ ಮೇಲೆ ಇಬ್ಬರಿಗೆ ಕಣ್ಣಿತ್ತು. ಒಬ್ಬ ನಾನು, ಹೊಸಪೇಟೆಯ ಬಜಾರಿನಲ್ಲಿ ಬೆಲ್ಲ, ಹುಣಸೆ, ಮೆಣಸಿನಕಾಯಿ ಮಾರುವವನು. ಇನ್ನೊಬ್ಬರು ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು. ನಡುವೆ ಬಂದು ಕೂತದ್ದು ಗಡಿಯಾರ.

ಯುದ್ಧ ನಡೆಯುತ್ತಿದ್ದ ಕಾಲ. ಎಲ್ಲ ಗಡಿಯಾರಗಳನ್ನೂ ಒಂದು ತಾಸು ಮುಂದಿಡಬೇಕೆಂದು ಸರ್ಕಾರದ ಹುಕುಂ ಆಯಿತು. ಹಳೇ ಒಂಬತ್ತು ಅಂದರೆ ಹೊಸ ಹತ್ತು, ಅಷ್ಟೇ. ಎರಡನೇ ತರಗತಿಯ ಲೆಕ್ಕ. ಆದರೆ ನಮ್ಮ ಸೀಮೆಯಲ್ಲಿ ಲಕ್ಷದ ವ್ಯಾಪಾರವನ್ನು ಬೆರಳಲ್ಲಿ ಎಣಿಸುವವರೆಲ್ಲ ಈ ಒಂದನ್ನು ಕೂಡಿಸಬೇಕೋ ಕಳೆಯಬೇಕೋ ತಿಳಿಯದೆ ಒದ್ದಾಡಿದರು. ಯುದ್ಧ ಮುಗಿಯುವ ತನಕ ವಾರಕ್ಕೊಂದು ತಮಾಷೆ ತಪ್ಪಲಿಲ್ಲ.

೧. ಟೈಮಿನ ಚಿಲ್ಲರೆ ವ್ಯಾಪಾರ

ನಮ್ಮ ಸಾಲಿನಲ್ಲಿ ಗೋಡೆ ಗಡಿಯಾರ ಇದ್ದದ್ದು ನನ್ನ ಅಂಗಡಿಯಲ್ಲಿ ಮಾತ್ರ. ಹುಕುಂ ಬಂದ ಮರುದಿನದಿಂದ ಮೆಟ್ಟಿಲ ಮೇಲೆ ಜಾತ್ರೆ.

“ಈಗ ಟೈಮೆಷ್ಟ್ರಿ?”

“ಎಂಟು.”

“ಹಳೇದೋ, ಹೊಸದೋ?”

ಬೆಳಗಿನಿಂದ ಸಂಜೆ ತನಕ ಇದೇ ಮಾತು. ಕೊಳ್ಳುವವರು ಇವರ ಹಿಂದೆ ನಿಂತು ಬೇಸತ್ತು ಎದುರು ಅಂಗಡಿಗೆ ಹೋಗತೊಡಗಿದರು. ನಾನೊಂದು ಕಾಯಿದೆ ಮಾಡಿದೆ: ಏನಾದರೂ ಕೊಂಡವರಿಗೆ ಹೊಸ ಟೈಮು, ಬರಿಗೈಯಲ್ಲಿ ಬಂದವರಿಗೆ ಹಳೇ ಟೈಮು. ಸರ್ಕಾರದ ಮಾಲು ಪುಕ್ಕಟೆ ಹಂಚಲು ನಾನೇನು ಅದರ ನೌಕರನೆ?

ಮೊದಲ ದಿನವೇ ಪಕ್ಕದ ಓಣಿಯ ಶಾಲೆ ಮೇಷ್ಟ್ರು ಬಂದು ಎರಡು ಒಣ ಮೆಣಸಿನಕಾಯಿ ಕೊಂಡರು. ಹೊಸ ಟೈಮು ಹೇಳಿದೆ. ಮೇಷ್ಟ್ರು ಅಲ್ಲಾಡಲಿಲ್ಲ.

“ಮೆಣಸಿನಕಾಯಿ ಎರಡು ತೊಗೊಂಡೇನಲ್ರಿ ಸಾವ್ಕಾರ್ರ. ಇನ್ನೊಂದು ಟೈಮು ಬಾಕಿ ಐತಿ.”

೨. ನಿನ್ನೆಯ ಗಾಡಿ

ನನ್ನ ಭಾವಮೈದುನ ಒಂದು ವಾರಕ್ಕೆಂದು ಬಂದು ಒಂದು ತಿಂಗಳು ಉಳಿದಿದ್ದ. ಕೊನೆಗೆ ಗುಂತಕಲ್ಲಿಗೆ ಹೊರಡುವ ದಿನ ಗೊತ್ತಾಯಿತು. ಗಾಡಿ ಹೊಸ ಟೈಮು ಬೆಳಗಿನ ಆರಕ್ಕೆ. ಮನೆಯ ಗಡಿಯಾರ ಇನ್ನೂ ಹಳೇ ಟೈಮಿನಲ್ಲೇ ಇತ್ತು.

ತಮ್ಮನಿಗೆ ಗಾಡಿ ತಪ್ಪೀತೆಂದು ನಮ್ಮ ಮನೆಯಾಕೆ ಮಲಗುವ ಮುಂಚೆ ಮುಳ್ಳನ್ನು ಒಂದು ತಾಸು ಮುಂದಿಟ್ಟಳು. ನಮ್ಮ ಗುಮಾಸ್ತ ಮನೆಯಲ್ಲೇ ಮಲಗುವವನು. ಯಜಮಾನರು ಮರೆತಿರಬೇಕೆಂದು ಅವನೂ ಒಂದು ತಾಸು ಮುಂದಿಟ್ಟ. ಭಾವಮೈದುನನಿಗೆ ಇವರಿಬ್ಬರ ಮೇಲೂ ನಂಬಿಕೆ ಇಲ್ಲ. ಅವನೂ ಎದ್ದು ಒಂದು ತಾಸು ತಳ್ಳಿದ. ನಾನು ಮಾತ್ರ ಮುಟ್ಟಲಿಲ್ಲ. ಅವನು ಹೋಗಲೆಂಬ ಆಸೆ ಎಲ್ಲರಿಗಿಂತ ನನಗೇ ಹೆಚ್ಚಿದ್ದರೂ ಮುಟ್ಟಲಿಲ್ಲ.

ಗಡಿಯಾರದಲ್ಲಿ ಐದಾಯಿತೆಂದು ಅವನ ಹಾಸಿಗೆ ಸುತ್ತಿಕೊಂಡು ಇಬ್ಬರೂ ಸ್ಟೇಷನ್ನಿಗೆ ಹೋದರೆ ನಾಯಿ ಕೂಡ ಎದ್ದಿಲ್ಲ. ನಿಜವಾಗಿ ಹೊಸ ಟೈಮು ಮೂರು. ಮನೆಗೆ ವಾಪಸು ಬಂದಾನಲ್ಲಾ ಎಂದು ಅವನ ಹಾಸಿಗೆ ಸುರುಳಿಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಒಂದು ಗಾಡಿ ಬುಸುಗುಡುತ್ತ ಬಂತು. ಗುಂತಕಲ್ಲಿನದೇ. ಭಾವಮೈದುನ ಹತ್ತಿ ಕುಳಿತು ಕಿಟಕಿಯಿಂದ ಎದೆಯುಬ್ಬಿಸಿ ಕೂಗಿದ:

“ನೋಡಿದ್ರೇನ್ರಿ ಭಾವಾ? ನಾ ಮುಳ್ಳು ತಳ್ಳದಿದ್ರ ತಪ್ಪತಿತ್ತು!”

ಗಾಡಿ ಹೋದ ಮೇಲೆ ಹಮಾಲ ಹೇಳಿದ. ಅದು ನಿನ್ನೆ ಬೆಳಿಗ್ಗೆ ಬರಬೇಕಿದ್ದ ಗಾಡಿಯಂತೆ.

೩. ಸಂಡೂರಿನ ಇದ್ದಿಲು ಬಸ್ಸು

ಆಗ ಪೆಟ್ರೋಲಿಗೆ ಬರ. ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಬಸ್ಸು ಏರಿನಲ್ಲಿ ಕೆಮ್ಮುತ್ತ ಒಂದು ತಾಸು ತೆಗೆದುಕೊಳ್ಳುತ್ತಿತ್ತು. ಸಂಡೂರು ಸಂಸ್ಥಾನದ ಯಶವಂತನಗರದ ಕಡೆಯ ನನ್ನೊಬ್ಬ ಗಿರಾಕಿ, ಹಠದ ಮುದುಕ, ಹೊಸ ಟೈಮನ್ನು ಒಪ್ಪಿಕೊಂಡವನಲ್ಲ. “ಅದು ಇಂಗ್ರೇಜರ ಸೀಮಿದು. ನಮ್ದು ರಾಜರ ಸೀಮಿ,” ಎಂದು ಅವನ ವಾದ.

ಒಮ್ಮೆ ಅವನೂ ನಾನೂ ಒಟ್ಟಿಗೆ ಹೊರಟೆವು. ಬಸ್ಸು ಹೊಸ ಎಂಟಕ್ಕೆ ಬಿಟ್ಟಿತು. ಸಂಡೂರಿನಲ್ಲಿ ಇಳಿದಾಗ ಮುದುಕ ಸೊಂಟದ ಗಡಿಯಾರ ತೆಗೆದು ನೋಡಿದ. ಅದರಲ್ಲಿ ಎಂಟು.

“ಎಂಟಕ್ಕ ಬಿಟ್ಟು ಎಂಟಕ್ಕ ಮುಟ್ಟೀವಿ. ದಾರ್ಯಾಗ ಒಂದು ಗಳಿಗಿನೂ ಆಗಿಲ್ಲ. ಚಾರ್ಜು ಯಾತಕ್ಕಲೇ?” ಎಂದು ಕಂಡಕ್ಟರನ ಅಂಗಿ ಹಿಡಿದ.

ಕಂಡಕ್ಟರನೂ ಬಲ್ಲವನೇ. “ಚಾರ್ಜು ಕೊಡಬ್ಯಾಡ್ರಿ ಅಜ್ಜಾರ. ಹೊಸಪೇಟಿಂದ ಎಂಟಕ್ಕ ಬಿಟ್ಟಿದ್ದು, ಈಗ ಎಂಟು. ಅಂದ್ರ ನೀವಿನ್ನೂ ಹೊಸಪೇಟ್ಯಾಗ ಅದೀರಿ. ಹತ್ರಿ ಬಸ್ಸು, ವಾಪಸ್ ಬಿಡ್ತೀನಿ.”

೪. ರಾಹುವಿನ ದುಡಿಮೆ

ಹಳೇ ಟೈಮಿನ ರಾಹುಕಾಲ ಬಿಡಬೇಕೋ ಹೊಸ ಟೈಮಿನದನ್ನೋ ಎಂದು ಮನೆಯಾಕೆ ದಿನಾ ತಲೆ ತಿನ್ನತೊಡಗಿದಾಗ ಹಂಪಿಯ ಜೋಯಿಸರನ್ನು ಕೇಳಲು ಹೋದೆ. ಹೋಗುವಾಗ ಕಡ್ಡಿರಾಂಪುರದ ಹುಣಸೆ ಮರಗಳು ಕಣ್ಣಿಗೆ ಬಿದ್ದವು. ಎಳೆಕಾಯಿ ಹೊತ್ತು ಕೊಂಬೆಗಳು ನೆಲ ನೋಡುತ್ತಿದ್ದವು. ಈ ವರ್ಷ ಇವನ್ನು ಬಿಡಬಾರದು ಅಂದುಕೊಂಡದ್ದು ಆಗಲೇ.

ಜೋಯಿಸರು ಪಂಚಾಂಗ ಬಿಚ್ಚಲೂ ಇಲ್ಲ. “ರಾಹು ಸೂರ್ಯನ ಬೆನ್ನು ಹತ್ತಿದವನು. ಸರ್ಕಾರಿ ಸಂಬಳದವನಲ್ಲ. ಹುಕುಂ ಅವನಿಗೆ ತಾಕೂದಿಲ್ಲ. ಹಳೇ ಟೈಮೇ ನೋಡ್ರಿ,” ಎಂದರು.

ಸಮಾಧಾನವಾಯಿತು. ದಕ್ಷಿಣೆ ಇಟ್ಟೆ. ಅದನ್ನು ನೋಡಿ ಜೋಯಿಸರು ಸ್ವಲ್ಪ ಯೋಚಿಸಿ, “ಆದ್ರೂ ಮನ್ಯಾಗ ಹೆಣ್ಮಕ್ಳ ಮನಸ್ಸಿಗೆ ಬಂದೈತಿ ಅಂದ್ರ ಹೊಸದಕ್ಕೂ ಒಂದು ಶಾಂತಿ ಮಾಡಿಸಿಬಿಡೂದು ಚಲೋ,” ಎಂದರು.

ಶಾಂತಿ ಮಾಡಿಸಲಿಲ್ಲ. ಆದರೆ ಸುದ್ದಿ ಹೇಗೋ ನಮ್ಮ ಗುಮಾಸ್ತನ ಕಿವಿಗೆ ಬಿತ್ತು. ಅಂದಿನಿಂದ ಅವನು ಎರಡೂ ರಾಹುಕಾಲಗಳಲ್ಲಿ ತಕ್ಕಡಿ ಮುಟ್ಟುತ್ತಿರಲಿಲ್ಲ. ಬೆಲ್ಲದ ಮೂಟೆಗೆ ತಲೆ ಕೊಟ್ಟು, ಅತ್ಯಂತ ಭಕ್ತಿಯಿಂದ ಗೊರಕೆ ಹೊಡೆಯುತ್ತಿದ್ದ.

೫. ಕಂಪ್ಲಿ ಗಿರಣಿಯ ಕೂಗು

ಈಗ ಕಂಪ್ಲಿಯ ಸಾಹುಕಾರರ ಬುದ್ಧಿವಂತಿಕೆ ಕೇಳಿ. ಹುಕುಂ ಕೇಳಿ ಊರೆಲ್ಲ ಬೈದರೆ ಇವರು ಮಾತ್ರ ಕುಣಿದರು. ಕೆಲಸ ಹಿಡಿಸುವ ಬೆಳಗಿನ ಆರರ ಕೂಗನ್ನು ಹೊಸ ಟೈಮಿಗೆ ಹೊಡೆಸಿದರು, ಕೆಲಸ ಬಿಡಿಸುವ ಸಂಜೆ ಆರರದನ್ನು ಹಳೇ ಟೈಮಿಗೆ. ಗಿರಣಿ ಪುಕ್ಕಟೆಯಾಗಿ ಒಂದು ತಾಸು ಹೆಚ್ಚು ಭತ್ತ ಕುಟ್ಟಿತು. ಸರ್ಕಾರದ ಮಾತಿಗೂ ಮರ್ಯಾದೆ ಕೊಟ್ಟೆ, ಸಂಪ್ರದಾಯವನ್ನೂ ಬಿಡಲಿಲ್ಲ ಎಂದು ನನ್ನೆದುರು ಹೇಳಿಕೊಂಡರು.

ಗಿರಣಿಯ ಆಳುಗಳು ಎರಡು ದಿನ ನೋಡಿದರು. ಮೂರನೆಯ ದಿನ ಹಳೇ ಆರಕ್ಕೆ ಬಂದು ಹೊಸ ಆರಕ್ಕೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೊರಟರು. ಸಾಹುಕಾರರು ಬಾಗಿಲಿಗೆ ಅಡ್ಡ ನಿಂತು, “ಇದ್ಯಾವ ಲೆಕ್ಕಲೇ?” ಎಂದು ಅಬ್ಬರಿಸಿದರು.

“ನಿಮ್ದೇರಿ ಧಣೀ,” ಎಂದ ಒಬ್ಬ. “ತಿರುವಿ ಹಾಕೀವಿ, ಅಷ್ಟ.”

ಆ ಸಂಜೆಯಿಂದ ಗಿರಣಿ ಪೂರಾ ಹಳೇ ಟೈಮಿಗೆ ವಾಪಸಾಯಿತು. “ಯುದ್ಧ ಇನ್ನಾ ಕಂಪ್ಲಿ ತನಕ ಬಂದಿಲ್ರಿ,” ಎಂದು ಸಾಹುಕಾರರು ಎಲ್ಲರಿಗೂ ಹೇಳತೊಡಗಿದರು. ಗಡಿಯಾರ ಕಂಡರೆ ಮುಖ ತಿರುವುತ್ತಿದ್ದರು. ಇದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

೬. ಹರಾಜು

ಹುಣಸೆ ಹಣ್ಣಾಗುವ ಹೊತ್ತಿಗೆ ನೋಟೀಸು ಬಂತು: ಫಸಲಿನ ಹರಾಜು ಹೊಸಪೇಟೆ ಕಚೇರಿಯಲ್ಲಿ, ಬೆಳಗಿನ ಹತ್ತು ಗಂಟೆಗೆ. ಎಳೆಕಾಯಿ ಇದ್ದಾಗ ಸಾಹುಕಾರರೂ ಮರ ನೋಡಿ ಹೋಗಿದ್ದರು. ಆಮೇಲೆ ನಮ್ಮಿಬ್ಬರಲ್ಲಿ ಯಾರೂ ಆ ಕಡೆ ಹಾದಿರಲಿಲ್ಲ.

ಬಜಾರಿನಲ್ಲಿ ಸಿಕ್ಕ ಸಾಹುಕಾರರು ಕೇಳಿದರು: “ಹತ್ತಕ್ಕ ಅಂದಾರಲ್ಲ, ಯಾವ ಹತ್ತಕ್ಕರಿ?”

“ಕಚೇರಿಯ ಹತ್ತಕ್ಕರಿ,” ಎಂದೆ. ಇದರಲ್ಲಿ ಸುಳ್ಳೇನಿದೆ? ಸಾಹುಕಾರರು ನಕ್ಕು ತಲೆಯಾಡಿಸಿದರು. ಹೇಗೂ ಇವರು ಹಳೇ ಹತ್ತಕ್ಕೆ ಬರುತ್ತಾರೆ, ಅಂದರೆ ಹೊಸ ಹನ್ನೊಂದಕ್ಕೆ. ಅಷ್ಟರಲ್ಲಿ ನಾನೊಬ್ಬನೇ ಕೂಗಿ ಅಗ್ಗಕ್ಕೆ ಹೊಡೆದುಕೊಂಡಿರುತ್ತೇನೆ ಎಂಬುದು ನನ್ನ ಲೆಕ್ಕ.

ಆ ದಿನ ಹೊಸ ಹತ್ತಕ್ಕೆ ಸರಿಯಾಗಿ, ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಕಚೇರಿಗೆ ಹೋದೆ. ಜವಾನ ಕಸ ಗುಡಿಸುತ್ತಿದ್ದ.

“ಸಾಹೇಬ್ರು ಎಲ್ಲಿ?”

“ಹತ್ತಕ್ಕ ಬರ್ತಾರ್ರಿ.”

“ಹತ್ತಾತಲ್ಲೋ!”

“ಅದು ಗ್ವಾಡಿ ಮ್ಯಾಲಿನ ಹತ್ತರಿ. ಸಾಹೇಬ್ರ ಮನ್ಯಾಗ ಅಡಿಗಿ ಇನ್ನಾ ಹಳೇ ಟೈಮಿಗೇ ಆಗತೈತಿ.”

ಅವನ ತಲೆಯ ಮೇಲೆ, ಎಲ್ಲ ಪ್ರಜೆಗಳೂ ಹೊಸ ಟೈಮನ್ನು ತಪ್ಪದೆ ಪಾಲಿಸತಕ್ಕದ್ದು ಎಂಬ ಹುಕುಂ ಅಂಟಿಸಿತ್ತು. ಅದಕ್ಕೆ ಸಹಿ ಹಾಕಿದವರೇ ಈಗ ಮನೆಯಲ್ಲಿ ಊಟಕ್ಕೆ ಕೂತಿದ್ದರು.

ಗೇಟಿನ ಹೊರಗೆ ಬೇವಿನ ನೆರಳಿಗೆ ಹೋಗಿ ನಿಂತೆ. ಅಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಬುಟ್ಟಿ ತುಂಬ ಹೊಸ ಹುಣಸೆಹಣ್ಣು. ವ್ಯಾಪಾರಿಯ ಕೈ ಸುಮ್ಮನಿರುವುದಿಲ್ಲ, ಒಂದು ಮುರಿದು ಬಾಯಿಗೆ ಹಾಕಿಕೊಂಡೆ. ಒಳ್ಳೆಯ ಮಾಲು.

“ಯಾವೂರ ಹಣ್ಣು ಯವ್ವಾ?”

“ಕಡ್ಡಿರಾಂಪುರದ್ದರಿ.”

“ಹೊಲದ್ದೋ?”

“ನಮಗೆಲ್ಲಿ ಹೊಲರಿ ಯಪ್ಪಾ? ರಸ್ತಿ ಮರದ್ದು.”

ಬಾಯಲ್ಲಿದ್ದ ಹುಣಸೆ ಇನ್ನಷ್ಟು ಹುಳಿಯಾಯಿತು. “ಅಲ್ಲಿ ಸರ್ಕಾರದ ಕಾವಲು ಐತಲ್ಲ?”

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಐತ್ರಿ. ಇಬ್ಬರು ಅದಾರ. ಹಗಲಿನಾವ ಹೊಸ ಆರಕ್ಕ ಮನಿಗೆ ಹೋಕ್ಕಾನ. ರಾತ್ರಿಯಾವ ಹಳೇ ಆರಕ್ಕ ಬರ್ತಾನ. ನಡುವ ಒಂದು ತಾಸು ಯಾರೂ ಇರೂದಿಲ್ಲ, ಬೆಳಕೂ ಇರತೈತಿ. ಊರಿಗೆ ಊರೇ ಹಣ್ಣು ಬಡಿಯಾಕ ಗಳ ಹಿಡ್ಕೊಂಡು ಬರತೈತಿ ನೋಡ್ರಿ.”

“ಎಷ್ಟು ದಿನದಿಂದ?”

“ಹಣ್ಣಾದಾಗಿಂದ.”

“ಮರದಾಗ ಈಗ ಏನರ ಉಳದೈತೇನು?”

“ಎಲಿ ಅದಾವ್ರಿ,” ಎಂದಳು. “ಭಾಳ ಅದಾವ.”

ಒಂದು ಸೇರು ಹಣ್ಣು ಕೊಂಡು ಟವೆಲ್ಲಿಗೆ ಕಟ್ಟಿಕೊಂಡೆ. ಇಷ್ಟು ಒಳ್ಳೆಯ ಸುದ್ದಿ ಹೇಳಿದವಳ ಹತ್ತಿರ ಚೌಕಾಶಿ ಮಾಡುವುದು ಚೆನ್ನಾಗಿರುವುದಿಲ್ಲವೆಂದು ಸ್ವಲ್ಪವೇ ಮಾಡಿದೆ.

ಹೊಸ ಹನ್ನೊಂದು ಹೊಡೆಯುವ ಹೊತ್ತಿಗೆ ಸಾಹುಕಾರರು ಜಟಕಾ ಇಳಿದರು. ಉಂಡ ಹೊಟ್ಟೆ, ಬಾಯಲ್ಲಿ ಎಲೆ ಅಡಿಕೆ. ಅವರ ಬೆನ್ನಿಗೇ ಸಾಹೇಬರೂ ಬಂದರು.

“ಬಂದು ಭಾಳ ಹೊತ್ತಾತೇನ್ರಿ?” ಎಂದು ಸಾಹುಕಾರರು ನನ್ನ ಬೆವರು ನೋಡಿ ಕೇಳಿದರು. “ಕಚೇರಿಯ ಹತ್ತು ಅಂತ ನೀವೇ ಹೇಳಿದ್ರಲ್ಲ. ನೋಡ್ರಿ, ಈಗ ಆತು ಕಚೇರಿಯ ಹತ್ತು!”

ಸಾಹೇಬರು ಕುರ್ಚಿಯಲ್ಲಿ ಕುಳಿತು ಕಚೇರಿ ಗುಮಾಸ್ತನ ಕೈಲಿ ಬರೆಸಿದರು: ಹತ್ತು ಗಂಟೆಗೆ ಸರಿಯಾಗಿ ಹರಾಜು ಆರಂಭ. ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು. ಯಾರೂ ಅದರ ಕಡೆ ನೋಡಲಿಲ್ಲ.

ಸವಾಲು ಇನ್ನೂರಕ್ಕೆ ಶುರುವಾಯಿತು. ಸುಮ್ಮನಿದ್ದರೆ ಸಾಹುಕಾರರಿಗೆ ಸಂಶಯ ಬಂದೀತೆಂದು ನಾನು ಇನ್ನೂರ ಐವತ್ತು ಕೂಗಿದೆ. ಅವರು ಮುನ್ನೂರು ಅಂದರು. ನಾನು ಟವೆಲ್ಲಿನ ಗಂಟು ಹಿಸುಕಿ, ಮುಖ ಕಿವುಚಿ, ಒಲ್ಲದ ಮನಸ್ಸಿನಿಂದ ಎಂಬಂತೆ ಮುನ್ನೂರ ನಲವತ್ತು ಅಂದೆ. ಅವರು ತೊಡೆ ತಟ್ಟಿ ಮುನ್ನೂರ ಐವತ್ತು ಅಂದರು. ನಾನು ತಲೆ ತಗ್ಗಿಸಿದೆ. ನಗು ತಡೆಯಲು ಬೇರೆ ದಾರಿ ಇರಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಮರ ಕಂಪ್ಲಿಗೆ ಹೋದವು.

ಮೆಟ್ಟಿಲಿಳಿಯುವಾಗ ಸಾಹುಕಾರರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಬ್ಯಾಸರ ಮಾಡ್ಕೋಬ್ಯಾಡ್ರಿ. ಪಾಪ, ಜಲ್ದಿ ಬಂದು ಉಪವಾಸ ನಿಂತ್ರಿ. ಬರಿಗೈಲೆ ಹೊಂಟ್ರಿ.”

“ಬರಿಗೈ ಅಲ್ಲರಿ,” ಎಂದು ಟವೆಲ್ಲು ಬಿಚ್ಚಿ ತೋರಿಸಿದೆ. “ಒಂದು ಸೇರು ಹುಣಸೆಹಣ್ಣು ಸಿಕ್ಕೈತಿ.”

ಅವರೂ ಒಂದು ಮುರಿದು ಬಾಯಿಗೆ ಹಾಕಿಕೊಂಡರು. ನಾಲಿಗೆ ಚಪ್ಪರಿಸಿದರು.

“ಆಹಾ, ಮಸ್ತ್ ಮಾಲು! ಎಲ್ಲೀದ್ರಿ ಇದು?”

“ನಿಮ್ಮ ಮರದ್ದರಿ,” ಎಂದೆ.

ಒಟ್ಟು ಲೆಕ್ಕ: ಕಚೇರಿಗೆ ಮುನ್ನೂರ ಐವತ್ತು ರೂಪಾಯಿ. ಕಡ್ಡಿರಾಂಪುರಕ್ಕೆ ಹಣ್ಣು. ಕಂಪ್ಲಿಗೆ ಎಲೆ. ನನಗೆ ಆ ರಾತ್ರಿಯ ಸಾರು.