ಜಿಮ್ಮಿಗೆ ನಾನು ಹಿಡಿಸಿದ ಪಥ್ಯ

ಔಷಧಕ್ಕಿಂತ ಪಥ್ಯವನ್ನು ಹೆಚ್ಚು ನಂಬುವವರ ಪೈಕಿ ನಾನೂ ಒಬ್ಬ. ಪಥ್ಯ ಹೇಳದ ಡಾಕ್ಟರು ನನ್ನ ಪಾಲಿಗೆ ಅರ್ಧ ಡಾಕ್ಟರು. ನಮ್ಮಪ್ಪನಿಗೆ ಕಾಮಾಲೆಯಾದಾಗ ತೆರಕಣಾಂಬಿಯ ನಾಟಿ ವೈದ್ಯರೊಬ್ಬರು ಒಂದು ಲೋಟ ಸೊಪ್ಪಿನ ರಸ ಕುಡಿಸಿ, ನಲವತ್ತು ದಿನ ಉಪ್ಪು ಬಿಡಿಸಿದ್ದರು. ಗುಣವಾದ ಮೇಲೆ ಅಪ್ಪ ಸೊಪ್ಪನ್ನು ಮರೆತೇಬಿಟ್ಟ. ಸಾಯುವವರೆಗೂ ಉಪ್ಪು ಬಿಟ್ಟಿದ್ದನ್ನೇ ಹೇಳಿಕೊಂಡು ತಿರುಗಿದ. ನಾನು ಅವನ ಮಗ. ಅದನ್ನು ಅನುಭವಿಸಿದ್ದು ಮಾತ್ರ ನಮ್ಮ ನಾಯಿ ಜಿಮ್ಮಿ.

ಗುಂಡ್ಲುಪೇಟೆಗೆ ಮೊಬೈಲ್ ಹೊಸದಾಗಿ ಬಂದ ಹೋದ ವರ್ಷದ ಮಾತು ಇದು. ಜಿಮ್ಮಿಗೆ ಮೂತ್ರ ಹೊಯ್ಯುವ ಜಾಗದಲ್ಲಿ ಗೆಡ್ಡೆ ಎದ್ದು ರಕ್ತ ತೊಟ್ಟಿಕ್ಕುತ್ತಿತ್ತು. ಪಶುವೈದ್ಯರು ನೋಡಿ, ಇದು ಕ್ಯಾನ್ಸರ್, ಆದರೆ ವಾಸಿಯಾಗುವ ಜಾತಿಯದು, ವಾರಕ್ಕೊಂದರಂತೆ ಕೀಮೋ ಇಂಜೆಕ್ಷನ್ ಕೊಡೋಣ ಎಂದರು. ಎರಡು ದಿನ ವಾಂತಿಯಾಗಬಹುದು, ಊಟ ಸೇರದಿರಬಹುದು, ಮೀಸೆ ಕೂದಲು ಉದುರಬಹುದು, ರೋಗ ತಡೆಯುವ ಶಕ್ತಿ ಇಳಿಯುತ್ತದೆ, ಜ್ವರ ಬಂದರೆ ಕೂಡಲೇ ಕರೆತನ್ನಿ ಎಂದೂ ಹೇಳಿದರು. ನಾನು ಕೈಕಟ್ಟಿ ನಿಂತು, "ಪಥ್ಯ ಸಾರ್?" ಎಂದೆ. "ಪಥ್ಯ ಏನಿಲ್ಲ, ಮೊಟ್ಟೆ, ಬೇಯಿಸಿದ ಮಾಂಸ, ಏನ್ ತಿಂದ್ರೂ ಕೊಡಿ" ಎಂದರು. ಅಲ್ಲಿಗೆ ಅವರ ಮೇಲಿನ ನನ್ನ ನಂಬಿಕೆ ಅರ್ಧ ಇಳಿಯಿತು.

ಮೊದಲ ಇಂಜೆಕ್ಷನ್ನಿನ ಮಾರನೆಯ ದಿನ ಜಿಮ್ಮಿ ಎರಡು ಸಲ ವಾಂತಿ ಮಾಡಿದ. ಇದು ಹೀಟೇ ಎಂದು ನಾನು ತೀರ್ಮಾನಿಸಿದೆ. ಬಾಡು, ಮೊಟ್ಟೆ, ಕೊನೆಗೆ ಹುರುಳಿ ಸಾರು ಕೂಡ ಬಂದ್. ಮೂರು ಹೊತ್ತೂ ಅನ್ನದ ಗಂಜಿ, ನೀರು ಮಜ್ಜಿಗೆ. ಭಾನುವಾರ ನಾವು ಕೋಳಿ ತಿನ್ನುವಾಗ ಅವನನ್ನು ಹಿತ್ತಲಲ್ಲಿ ಕಟ್ಟಿಹಾಕುತ್ತಿದ್ದೆ. ನನ್ನ ಹೆಂಡತಿ ರತ್ನ ಎರಡು ಸಲ ಹೇಳಿದಳು.

"ಒಂದ್ ಮೂಳೆನಾದ್ರೂ ಆಕ್ರಿ. ನಾಯಿ ಕಣ್ರೀ ಅದು, ಗಂಜಿ ಕುಡ್ಕೊಂಡು ಎಷ್ಟ್ ದಿನ ಇದ್ದದು?"

"ನಿಂಗ್ ಗೊತ್ತಾಗಲ್ಲ ಸುಮ್ಕಿರು ಕಣಮ್ಮಿ. ಕೀಮೋ ಅಂದ್ರೆ ಏನ್ ಆಟ್ವಾ?"

ಗೆಡ್ಡೆ ವಾರವಾರಕ್ಕೂ ಕರಗಿತು. ಜಿಮ್ಮಿಯೂ ಕರಗಿದ. ಪಕ್ಕೆಲುಬು ಎದ್ದವು. ಯಾರು ಕೇಳಿದರೂ "ಸೈಡ್ ಎಫೆಕ್ಟು" ಎನ್ನುತ್ತಿದ್ದೆ. ಆ ಮಾತು ಬಾಯಲ್ಲಿ ಆಡಲು ಬಹಳ ಗಂಭೀರವಾಗಿರುತ್ತಿತ್ತು. ನಾಲ್ಕನೆಯ ವಾರ ಡಾಕ್ಟರು ಅವನನ್ನು ತೂಗಿ, ಮೈ ಮುಟ್ಟಿ, ಜ್ವರವಿದೆ ಎಂದು ಹೇಳಿ ನನ್ನ ಮುಖ ನೋಡಿದರು.

"ಏನ್ ತಿನ್ನಿಸ್ತಿದೀರಿ?"

"ಬರೀ ಗಂಜಿ ಸಾರ್. ಒಂದಿನಾನೂ ಪಥ್ಯ ತಪ್ಪಿಲ್ಲ" ಎಂದೆ, ಹೆಮ್ಮೆಯಿಂದಲೇ.

ಅವರು ತುಂಬಿಟ್ಟಿದ್ದ ಸಿರಿಂಜನ್ನು ಟ್ರೇಗೆ ಹಾಕಿದರು. "ಕೀಮೋ ತನ್ನ ಕೆಲಸ ಮಾಡಿದೆ. ಇದನ್ನ ಉಪವಾಸ ಕೆಡವಿದ್ದು ನೀವು" ಎಂದರು. ಜ್ವರಕ್ಕೆ ಬೇರೆ ಸೂಜಿ ಕೊಟ್ಟರು. ಅಂದು ಸಂಜೆ ನಾನೇ ಹೋಗಿ ಕೋಳಿ ತಂದೆ. ರತ್ನ ಬೇಯಿಸಿ, ಮೂಳೆ ಬಿಡಿಸಿ ಮುಂದಿಟ್ಟಳು. ಜಿಮ್ಮಿ ಮೂಸಿ ನೋಡಿ, ನನ್ನ ಕಡೆ ತಿರುಗಿದ; ತಿನ್ನಬಹುದೋ ಬಾರದೋ ಎಂದು ನನ್ನನ್ನೇ ಕೇಳಿದಂತಿತ್ತು. ತಿನ್ನಲಿಲ್ಲ. ಮೂರನೆಯ ದಿನ ಸತ್ತ. ಗೆಡ್ಡೆಯಿದ್ದ ಜಾಗ ವಾಸಿಯಾಗಿತ್ತು. ನನ್ನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂದು ಅವತ್ತು ಅತ್ತೆ.

ಅಷ್ಟಕ್ಕೇ ನಿಂತಿದ್ದರೆ ಬರೀ ದಡ್ಡನಾಗಿ ಉಳಿಯುತ್ತಿದ್ದೆ. ಆರು ತಿಂಗಳಾದ ಮೇಲೆ ಹಿಂದಿನ ಬೀದಿಯ ಮಾದಪ್ಪ ಬಂದ. "ಅಣ್ಣ, ನಮ್ ನಾಯ್ಗೂ ಅದೇ ಗೆಡ್ಡೆ ಆಗದೆ. ಸೂಜಿ ಆಕುಸ್ಬುಡ್ಲಾ? ನಿಮ್ದು ಏನಾಯ್ತು?" ಎಂದ. ಪಥ್ಯದ ಕತೆ ನಾಲಿಗೆಯ ತುದಿಗೆ ಬಂದಿತ್ತು. ರತ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಆ ಇಂಜೆಕ್ಷನ್ನ ನಾಯಿ ತಡೆಯಲ್ಲ ಕಣ ಮಾದಪ್ಪ" ಎಂದುಬಿಟ್ಟೆ. ಓದಿದವನು ಹೇಳಿದ್ದೆಂದು ಅವನು ತಲೆಯಾಡಿಸಿಕೊಂಡು ಹೊರಟುಹೋದ.

ಅವನ ನಾಯಿ ಈಗ ಬೀದಿಯ ತಿರುವಿನಲ್ಲಿ ರಕ್ತ ನೆಕ್ಕಿಕೊಳ್ಳುತ್ತಾ ಬಿದ್ದಿರುತ್ತದೆ. ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಅದಕ್ಕೇ ನಾನು ದೊಡ್ಡ ರಸ್ತೆಗೆ ಸುತ್ತು ಹಾಕಿಕೊಂಡು ಆಫೀಸಿಗೆ ಹೋಗುತ್ತೇನೆ. ನಡೆದರೆ ಮಂಡಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ ಎಂದು ರತ್ನನಿಗೆ ಹೇಳಿದ್ದೇನೆ. ಯಾವ ಡಾಕ್ಟರೆಂದು ಅವಳು ಇನ್ನೂ ಕೇಳಿಲ್ಲ.