ಷಡ್ಡಕನ ಫೋನಿಗೆ ಬಂದ ಚಲಾನು

ನಮ್ಮ ನಾರಾಯಣಪೇಟೆಯಲ್ಲಿ ಮದುವೆ ಪತ್ರಿಕೆ ಬಂದರೆ ಹಿಗ್ಗುವವರುಂಟು. ದಂಡದ ಸುದ್ದಿ ಬಂದರೆ ಹಿಗ್ಗುವವನು ನನ್ನ ಷಡ್ಡಕ ಒಬ್ಬನೇ! ನನ್ನ ಹೆಂಡತಿಯ ತಂಗಿಯ ಗಂಡ, ಕಾರಿನಲ್ಲಿ ಓಡಾಡುವ ಸೀರೆ ವ್ಯಾಪಾರಿ. ಹಿಂದೆ ಪೊಲೀಸರು ಎದುರು ನಿಂತು ಚೀಟಿ ಹರಿದು ಕೊಡುತ್ತಿದ್ದರು. ನಮ್ಮದು ತೆಲಂಗಾಣ ರಾಜ್ಯ ಆದಮೇಲೆ ಸುಮ್ಮನೆ ಗಾಡಿಯ ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಚಲಾನು ಫೋನಿಗೇ ಬರುತ್ತದೆ.

ಮಕ್ತಲ್‌ನಲ್ಲಿ ಅತ್ತೆಯ ಮನೆಯಲ್ಲಿ ಊಟಕ್ಕೆ ಸೇರಿದಾಗಲೆಲ್ಲ ಇವನು ಅದನ್ನು ಎದ್ದು ನಿಂತು ಓದುತ್ತಾನೆ. “ಮಕ್ತಲ್ ಬಸ್ ನಿಲ್ದಾಣದ ಮುಂದ, ರಸ್ತಾಕ್ಕ ಅಡ್ಡ! ಸರ್ಕಾರದವ್ರು ನನ್ನ ಎಷ್ಟು ನೆನಸ್ತಾರ ನೋಡ್ರಿ.” ಅತ್ತೆ ನಕ್ಕು ನಕ್ಕು ಅವನ ಅನ್ನಕ್ಕೆ ಇನ್ನೊಮ್ಮೆ ತುಪ್ಪ ಹಾಕುತ್ತಾರೆ. ಹಿರಿಯ ಅಳಿಯ ನಾನು. ಮಾಸ್ತರು. ಈವರೆಗೆ ಒಂದೂ ದಂಡ ತೆತ್ತವನಲ್ಲ. ಅಂಥವನಿಗೆ ತುಪ್ಪ ಬಡಿಸುವವರು ಯಾರು? ಅದೇ ವಾರ ಅದೇ ಬಸ್ ನಿಲ್ದಾಣದ ಮುಂದೆ ನಾನೂ ಸ್ಕೂಟರ್ ನಿಲ್ಲಿಸಿದ್ದೆ. ನನ್ನನ್ನು ಮಾತ್ರ ಯಾವ ಸರ್ಕಾರವೂ ನೆನೆಸಲಿಲ್ಲ! ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕಡೆಗೆ ಗದ್ವಾಲ್‌ಗೆ ಹೋಗಿ, ಸೀರೆ ಅಂಗಡಿಗಳ ಮುಂದೆ ನಿಲ್ಲಿಸಬಾರದೆಂದು ಬರೆದ ಹಲಗೆಯ ಬುಡದಲ್ಲೇ ಸ್ಕೂಟರ್ ನಿಲ್ಲಿಸಿದೆ. ಪೊಲೀಸಪ್ಪ ಬಂದ. “ಸಾರ್, ಬಂಡಿ ತೀಯಂಡಿ” ಎಂದು ತೆಲುಗಿನಲ್ಲಿ ಗಾಡಿ ತೆಗೆಯಲು ಹೇಳಿದ. ತೆಗೆಯಲಿಲ್ಲ. ಫೋಟೋ ಹೊಡೆಯುವಾಗ ಪಕ್ಕದಲ್ಲೇ ನಿಂತು ಹಲ್ಲುಕಿರಿದೆ. ನಾಲ್ಕು ದಿನ ಫೋನು ನೋಡಿದ್ದೇ ನೋಡಿದ್ದು, ಏನೂ ಬರಲಿಲ್ಲ.

ಐದನೆಯ ದಿನ ಊಟಕ್ಕೆ ಸೇರಿದಾಗ ಷಡ್ಡಕ ಎದ್ದು ನಿಂತ. “ಈ ಸಲ ಗದ್ವಾಲದಿಂದ ಬಂದೈತ್ರಿ!”

ತಡೆಯಲಾಗದೆ ಫೋನು ಕಸಿದುಕೊಂಡೆ. ಫೋಟೋದಲ್ಲಿ ನನ್ನ ಸ್ಕೂಟರ್. ಪಕ್ಕದಲ್ಲಿ ಹಲ್ಲುಕಿರಿದ ನಾನು.

ಆಗ ತಲೆಗೆ ಹೊಳೆಯಿತು. ಸ್ಕೂಟರ್ ನಾನು ಅವನಿಂದಲೇ ಕೊಂಡದ್ದು. ಬೀಗರೊಳಗೆ ಕಾಗದ ಕೇಳಿದರೆ ನಂಬಿಕೆಯಿಲ್ಲ ಎಂದಂತೆ, ಅದಕ್ಕೇ ಹೆಸರು ಬದಲಿಸಿರಲಿಲ್ಲ. ಸರ್ಕಾರದ ದಾಖಲೆಯಲ್ಲಿ ಇನ್ನೂ ಅವನ ಹೆಸರು, ಅವನ ಫೋನ್ ನಂಬರು.

“ಫೋಟೋ ತೋರ್ಸಪಾ” ಎಂದು ಅತ್ತೆ ಕೈಚಾಚಿದರು. ಷಡ್ಡಕ ನನ್ನ ಕೈಯಿಂದ ಫೋನು ಇಸಿದುಕೊಂಡು ಜೇಬಿಗಿಳಿಸಿದ. “ಬರೇ ಗಾಡಿ ಐತ್ರಿ ಅತ್ತಿ, ಏನ್ ನೋಡ್ತೀರಿ.”

ಹೊರಗೆ ಕಟ್ಟೆಗೆ ಕರೆದೊಯ್ದು ಕೇಳಿದೆ. “ನಂದು ಇದೊಂದೇ ಏನು?”

“ಎಲ್ಲಾ ನಿಮ್ಮವ ರೀ ಅಣ್ಣಾರ. ನನ್ನ ಕಾರಿಂದು ಒಂದೂ ಇಲ್ಲ. ಬಂದಾಗ ಬಂದಾಗ ಕಟ್ಟೇನಿ, ಬಿಡ್ರಿ.”

“ಮತ್ತ ಎಲ್ಲಾರ ಮುಂದ ನಿಂದಂತ ಯಾಕ ಓದತಿದ್ದಿ?”

“ಸುದ್ದಿ ನನ್ನ ಹೊಟ್ಟ್ಯಾಗ ಇರಾಂಗಿಲ್ಲ, ನಿಮಗ ಗೊತ್ತೈತಿ. ನಿಮ್ಮ ಹೆಸರು ಹೇಳಾಕ ಮನಸ್ಸು ಬರಲಿಲ್ಲ. ನೀವು ಮಾಸ್ತರು. ಹಿರೇ ಅಳಿಯ ಅಂದ್ರ ಒಂದು ತಪ್ಪು ಮಾಡಾಂವಲ್ಲ ಅಂತ ಅತ್ತಿ ಊರ ತುಂಬ ಹೇಳ್ಕೋತ ಬರ್ತಾರ.”

ಇಷ್ಟು ದಿನ ಅವನ ತಟ್ಟೆಯ ತುಪ್ಪಕ್ಕೆ ಉರಿದೆನಲ್ಲ ಎಂದು ಅಳು ಬಂದಂತಾಯಿತು. ಒಳಗೆ ಹೋಗಿ, “ಅತ್ತೀ, ಆ ದಂಡ ಎಲ್ಲಾ ನಂದ್ರಿ” ಎಂದುಬಿಟ್ಟೆ.

ಬಾಗಿಲಲ್ಲಿ ಷಡ್ಡಕ ತಲೆತಗ್ಗಿಸಿ ನಿಂತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದವನು ತಾನೇ ಎಂಬಂತೆ.